ಅಂಗಡಿಯಲ್ಲಿ ಮಾಲು ಕಡಿಮೆ, ಹುಡುಗನ ಹೆಸರಲ್ಲಿ ಯಾರೋ ತೆಗೆದ ಸಾಲ: ಏನು ಮಾಡಬೇಕು?

ನವನಗರ ಗೊಬ್ಬರದಂಗಡಿ (ಬಾಗಲಕೋಟೆ)
ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ನವನಗರದಲ್ಲಿ ನಮ್ಮದು ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ಅಂಗಡಿ. ತಂದೆಯವರ ಕಾಲದಿಂದ ನಡೆದು ಬಂದಿದೆ. ಈಗ ಒಂದರ ಬೆನ್ನಿಗೆ ಒಂದು ಎರಡು ಸಂಗತಿ ಆಗಿವೆ. ತಲೆ ಕೆಟ್ಟಿದೆ.

ಒಂದು, ಸ್ಟಾಕ್ ಎಣಿಸಿದಾಗ ದುಬಾರಿ ಕೀಟನಾಶಕದ ಬಾಟಲಿಗಳು ಕಡಿಮೆ ಬಂದವು. ಕಂಪ್ಯೂಟರ್‌ನಲ್ಲಿ ಇವೆ, ಕಪಾಟಿನಲ್ಲಿ ಇಲ್ಲ. ಗೊಬ್ಬರದ ಚೀಲಗಳ ಲೆಕ್ಕ ಮಾತ್ರ ಸರಿಯಾಗಿದೆ.

ಎರಡು, ನಮ್ಮ ಗೋದಾಮಿನ ಹುಡುಗ ಬೈಕ್ ಸಾಲ ಕೇಳೋಕೆ ಹೋದ. ಅಲ್ಲಿ ಅವನಿಗೆ, ನಿನ್ನ ಹೆಸರಲ್ಲಿ ಮೊದಲೇ ಒಂದು ಆ್ಯಪ್ ಸಾಲ ಇದೆ, ಕಂತು ಕಟ್ಟಿಲ್ಲ ಎಂದು ಹೇಳಿದ್ದಾರೆ. ಅವನು ಅಂಥ ಸಾಲ ತೆಗೆದೇ ಇಲ್ಲ. ಅವನ ಆಧಾರ್, ಪ್ಯಾನ್ ಜೆರಾಕ್ಸ್ ನಮ್ಮ ಅಂಗಡಿಯ ಫೈಲಿನಲ್ಲಿದೆ. ಬಾಯಿಬಿಟ್ಟು ಏನೂ ಅಂದಿಲ್ಲ, ಆದರೆ ಅವನ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತಾಗುತ್ತದೆ.

ಹಳೇ ಹುಡುಗರನ್ನು ದಿನಾ ಸಂಜೆ ಚೀಲ ಬಿಚ್ಚಿ ತೋರಿಸು ಅನ್ನೋಕೆ ನನಗೆ ಮನಸ್ಸಿಲ್ಲ. ಸುಮ್ನೆ ಕೂರೋಕೂ ಆಗುವುದಿಲ್ಲ. ನೀವೆಲ್ಲ ನಿಮ್ಮಲ್ಲಿ ಏನು ಮಾಡಿದ್ದೀರಿ, ಹೇಳಿ.

ಖಡೇಬಜಾರ್ ಬಟ್ಟೆ ವ್ಯಾಪಾರಿ (ಬೆಳಗಾವಿ)
ಕ್ಯಾಮೆರಾ ಹಾಕಿಸಿ ಅಣ್ಣ. ಕೌಂಟರ್‌ಗೆ ಒಂದು, ಗೋದಾಮಿಗೆ ಎರಡು. ಕಡಿಮೆ ಬಿದ್ದಿದ್ದನ್ನು ಎಲ್ಲರ ಪಗಾರದಲ್ಲಿ ಸಮನಾಗಿ ಹಿಡಿಯಿರಿ. ಯಾರು ಮಾಡಿದ್ದು ಅಂತ ಅವರೇ ಬಂದು ಹೇಳುತ್ತಾರೆ.

ಉದ್ಯಮಬಾಗ ಫೌಂಡ್ರಿ
ಕ್ಯಾಮೆರಾದಿಂದ ನಮ್ಮಲ್ಲಿ ಏನೂ ಆಗಲಿಲ್ಲ. ಸ್ಕ್ರ್ಯಾಪ್ ಲಾರಿ ಗೇಟಿನಿಂದ ಹಾಡಹಗಲೇ, ಪಾಸ್ ತೋರಿಸಿಯೇ ಹೊರಗೆ ಹೋಗುತ್ತಿತ್ತು. ಕಳ್ಳತನ ಇದ್ದಿದ್ದು ಲಾರಿ ತೂಗುವ ವೇಬ್ರಿಜ್‌ನಲ್ಲಿ. ಖಾಲಿ ಲಾರಿ ತೂಗುವಾಗ ಒಳಗೆ ಜನ ಕೂತಿರುತ್ತಿದ್ದರು, ಕಲ್ಲೂ ಇರುತ್ತಿತ್ತು. ಖಾಲಿ ತೂಕ ಜಾಸ್ತಿ ಬರೆದುಕೊಂಡರೆ ಮಾಲಿನ ತೂಕ ತಾನಾಗಿಯೇ ಕಡಿಮೆ ಬೀಳುತ್ತದೆ. ಕ್ಯಾಮೆರಾದಲ್ಲಿ ಕಾಣುವುದು ಲಾರಿ ಬಂತು, ಹೋಯಿತು, ಅಷ್ಟೇ.

ನಾವು ಮಾಡಿದ್ದು ಇಷ್ಟು. ಅದೇ ನಂಬರಿನ ಲಾರಿಯ ಹಳೇ ಖಾಲಿ ತೂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸಿದೆವು. ಒಂದೇ ಲಾರಿ ಒಂದು ವಾರ ಒಂದು ತೂಕ, ಇನ್ನೊಂದು ವಾರ ಇನ್ನೊಂದು ತೂಕ ಹೇಗೆ ಇರುತ್ತದೆ? ಅಲ್ಲೇ ಸಿಕ್ಕಿತು. ಈಗ ತೂಗುವವನು ಬೇರೆ, ಗೇಟ್ ಪಾಸ್ ಬರೆಯುವವನು ಬೇರೆ, ಸ್ಕ್ರ್ಯಾಪ್ ರೇಟು ಮಾತಾಡುವವನು ಬೇರೆ.

ಮಚ್ಛೆ ಪಾಳಿ ಕೆಲಸಗಾರ
ಖಡೇಬಜಾರ್ ಅಣ್ಣ, ಎಲ್ಲರ ಪಗಾರದಲ್ಲಿ ಹಿಡಿಯಿರಿ ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ. ಒಬ್ಬ ಕದ್ದರೆ ಉಳಿದವರ ಮನೆಯಲ್ಲಿ ಯಾಕೆ ಒಲೆ ಉರಿಯಬಾರದು?

ಇನ್ನೊಂದು ಮಾತು. ಎಲ್ಲರೂ ಕೆಲಸಗಾರ ಕದಿಯುತ್ತಾನೆ ಅಂತಲೇ ಮಾತಾಡುತ್ತೀರಿ. ನಮ್ಮ ಕಾಗದ ಕದಿಯುವವರ ಬಗ್ಗೆ ಯಾರು ಕೇಳುತ್ತಾರೆ? ನಾನು ಮೊದಲು ಇದ್ದ ಕಡೆ ಗುತ್ತಿಗೆದಾರ ನಮ್ಮೆಲ್ಲರ ಬ್ಯಾಂಕ್ ಖಾತೆ ಮಾಡಿಸಿ, ಎಟಿಎಂ ಕಾರ್ಡ್ ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ಖಾತೆಗೆ ಪೂರ್ತಿ ಪಗಾರ ಬೀಳುತ್ತಿತ್ತು, ನಮ್ಮ ಕೈಗೆ ಬರುತ್ತಿದ್ದುದು ಕಡಿಮೆ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಂಡು ಕೆಲಸ ಬಿಟ್ಟರೆ ಕೊಡಲ್ಲ ಅನ್ನುವವರೂ ಇದ್ದಾರೆ. ಇದೂ ಕಳ್ಳತನವೇ ಅಲ್ವಾ?

ಖಡೇಬಜಾರ್ ಬಟ್ಟೆ ವ್ಯಾಪಾರಿ
ಗುತ್ತಿಗೆದಾರ ಮಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಮಾಲಕನ ನಷ್ಟ ಯಾರು ತುಂಬಿಕೊಡುತ್ತಾರೆ? ಸೀಸನ್‌ನಲ್ಲಿ ಒಂದು ಪೈಠಣಿ ಸೀರೆ ಹೋದರೆ ಇಡೀ ದಿನದ ಲಾಭ ಹೋಯಿತು.

ವಕೀಲರು, ವಿಜಯಪುರ
ಇಲ್ಲಿ ಕಾನೂನು ಸ್ಪಷ್ಟವಾಗಿದೆ. ಎಲ್ಲರ ಪಗಾರದಲ್ಲಿ ಸಮನಾಗಿ ಹಿಡಿಯುವಂತಿಲ್ಲ. ಯಾರ ವಶಕ್ಕೆ ಮಾಲು ಕೊಟ್ಟಿದ್ದಿರೋ, ಯಾರ ನಿರ್ಲಕ್ಷ್ಯದಿಂದ ನೇರವಾಗಿ ನಷ್ಟ ಆಯಿತೋ, ಅವನಿಂದ ಮಾತ್ರ ಹಿಡಿಯಬಹುದು. ಅದೂ ಅವನಿಗೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಟ್ಟ ಮೇಲೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹೀಗೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಹೀಗೇ ಇದೆ.

ನಿಜವಾಗಿ ಕದ್ದಿದ್ದರೆ ದಾರಿ ಪೊಲೀಸ್ ಠಾಣೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 306 ಇರುವುದೇ ಇದಕ್ಕೆ. ಮಾಲಕನ ವಶದಲ್ಲಿರುವ ವಸ್ತುವನ್ನು ನೌಕರ ಕದ್ದರೆ 7 ವರ್ಷದವರೆಗೆ ಜೈಲು. ನಂಬಿ ಅವನ ಕೈಗೆ ಒಪ್ಪಿಸಿದ ಹಣ ಅಥವಾ ಮಾಲನ್ನು ನುಂಗಿದರೆ ಕಲಂ 316. ಬೇರೆಯವರ ಪಾಸ್‌ವರ್ಡ್, ಡಿಜಿಟಲ್ ಸಹಿ, ಗುರುತನ್ನು ಮೋಸದಿಂದ ಬಳಸಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಸಿ. 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಇದು ಮಾಲಕನಿಗೂ ಅನ್ವಯಿಸುತ್ತದೆ, ಕೆಲಸಗಾರನಿಗೂ ಅನ್ವಯಿಸುತ್ತದೆ.

ಮಚ್ಛೆಯವರೇ, ಕಾರ್ಡ್ ಇಟ್ಟುಕೊಂಡವರ ಮೇಲೆ ಕಾರ್ಮಿಕ ಇಲಾಖೆಗೆ ಬರೆದುಕೊಡಿ. ಬ್ಯಾಂಕಿಗೆ ಹೋಗಿ ಆ ಕಾರ್ಡ್ ಬಂದ್ ಮಾಡಿಸಿ, ಹೊಸದು ತಗೊಳ್ಳಿ. ಖಾತೆ ನಿಮ್ಮದು. ಯಾರ ಅಪ್ಪಣೆಯೂ ಬೇಕಿಲ್ಲ.

ಮುಧೋಳ ಅಗ್ರೋ
ನವನಗರದ ಅಣ್ಣಾ, ನಿಮ್ಮ ಮೊದಲ ಪ್ರಶ್ನೆಗೆ ಯಾರೂ ಸರಿಯಾಗಿ ಬರಲೇ ಇಲ್ಲ. ನಮ್ಮದೂ ಇದೇ ವ್ಯಾಪಾರ, ಅದಕ್ಕೇ ಬರೆಯುತ್ತಿದ್ದೇನೆ.

ಚೀಲದ ಲೆಕ್ಕ ಯಾಕೆ ಸರಿ ಇದೆ ಅಂದರೆ, ಸಬ್ಸಿಡಿ ಗೊಬ್ಬರ ಪಿಒಎಸ್ ಯಂತ್ರದಲ್ಲಿ ರೈತರ ಆಧಾರ್ ಹೊಡೆದೇ ಹೊರಗೆ ಹೋಗಬೇಕು. 2018ರಿಂದ ಹೀಗೇ ನಡೆದಿದೆ. ಯಂತ್ರದ ಸ್ಟಾಕಿಗೂ ಗೋದಾಮಿನ ಸ್ಟಾಕಿಗೂ ತಾಳೆ ಬರದಿದ್ದರೆ ಕೃಷಿ ಇಲಾಖೆಯವರು ಕೇಳುತ್ತಾರೆ. ಔಷಧಕ್ಕೆ ಈ ಕಾವಲು ಇಲ್ಲ. ಅದಕ್ಕೇ ಸೋರುವುದು ಅಲ್ಲಿ.

ಆದರೆ ಕಳುವು ಅನ್ನುವ ಮೊದಲು ಮೂರು ಕಡೆ ನೋಡಿ. ಮುಂಗಾರಿನ ಗದ್ದಲದಲ್ಲಿ ಪರಿಚಯದ ರೈತರಿಗೆ ಚೀಟಿ ಬರೆದು ಉದ್ರಿ ಕೊಟ್ಟಿರುತ್ತೀರಿ, ಬಿಲ್ ಆಮೇಲೆ ಮಾಡೋಣ ಅಂತ. ಆ ಚೀಟಿ ಬಿಲ್ ಆಗಿದೆಯಾ? ಎರಡನೆಯದು ಸ್ಕೀಮ್ ಮಾಲು. ಹತ್ತಕ್ಕೆ ಒಂದು ಫ್ರೀ ಬಂದ ಬಾಟಲಿಯನ್ನು ಒಬ್ಬರು ಸ್ಟಾಕಿಗೆ ಏರಿಸಿರುತ್ತಾರೆ, ಇನ್ನೊಬ್ಬರು ಬಿಲ್ ಮಾಡದೆ ರೈತರಿಗೇ ಕೊಟ್ಟಿರುತ್ತಾರೆ. ಮೂರನೆಯದು ಅವಧಿ ಮುಗಿದು ಕಂಪನಿಗೆ ವಾಪಸ್ ಕಳಿಸಿದ ಪೆಟ್ಟಿಗೆ. ಕ್ರೆಡಿಟ್ ನೋಟ್ (ವಾಪಸ್ ಮಾಲಿನ ರೊಕ್ಕ ಜಮಾ ಮಾಡಿದ ಚೀಟಿ) ಬರುವವರೆಗೆ ಅದು ಕಂಪ್ಯೂಟರ್‌ನಲ್ಲಿ ಹಾಗೇ ಕೂತಿರುತ್ತದೆ. ಈ ಮೂರನ್ನೂ ಕಳೆದು ಉಳಿದಿದ್ದು ನಿಜವಾದ ಕಡಿಮೆ.

ಟ್ಯಾಲಿ ಅಕ್ಕ (ವಿಜಯಪುರ)
ಮುಧೋಳದವರು ಹೇಳಿದ್ದು ನೂರಕ್ಕೆ ನೂರು ಸರಿ. ಬಹಳ ಅಂಗಡಿಗಳ ಲೆಕ್ಕ ನೋಡುತ್ತೇನೆ. ಕಳ್ಳತನ ಅಂತ ಕೂಗಾಡಿದ ಮೇಲೆ ಚೀಟಿ ಸಿಕ್ಕಿದ್ದೂ ಇದೆ. ಅಷ್ಟರಲ್ಲಿ ಒಳ್ಳೆಯ ಹುಡುಗ ಕೆಲಸ ಬಿಟ್ಟು ಹೋಗಿರುತ್ತಾನೆ.

ಹಾಗಂತ ಕಳ್ಳತನ ಇಲ್ಲ ಅನ್ನುತ್ತಿಲ್ಲ. ನಾನು ಮೊದಲು ನೋಡುವುದು ರದ್ದಾದ ಬಿಲ್ಲುಗಳನ್ನು. ಗಿರಾಕಿ ರೊಕ್ಕ ಕೊಟ್ಟು ಬಿಲ್ ತಗೊಳ್ಳದೆ ಹೋಗುತ್ತಾನೆ, ಸಂಜೆ ಆ ಬಿಲ್ ರದ್ದಾಗುತ್ತದೆ, ರೊಕ್ಕ ಕಿಸೆಗೆ. ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಅಂತ ಇರುತ್ತದೆ. ಯಾವ ಎಂಟ್ರಿ ಯಾರು, ಯಾವಾಗ ತಿದ್ದಿದರು ಅಂತ ತೋರಿಸುತ್ತದೆ. ಕಂಪನಿ ಅಂತ ನೋಂದಣಿ ಆದವರಿಗೆ 2023ರ ಏಪ್ರಿಲ್‌ನಿಂದ ಇದು ಕಡ್ಡಾಯ. ನಿಮ್ಮಂಥ ಸ್ವಂತ ಅಂಗಡಿಗೆ ಕಡ್ಡಾಯ ಅಲ್ಲ, ಆದರೂ ಹಾಕಿಕೊಳ್ಳಿ. ಮತ್ತೆ, ಎಲ್ಲರೂ ಒಂದೇ ಲಾಗಿನ್‌ನಲ್ಲಿ ಬಿಲ್ ಹೊಡೆದರೆ ಲಾಗ್ ಇದ್ದೂ ಪ್ರಯೋಜನ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಪಾಸ್‌ವರ್ಡ್.

ಇನ್ನೊಂದು, ರಜೆ. ಇದನ್ನು ಯಾರೂ ಮಾಡುವುದಿಲ್ಲ. ಬ್ಯಾಂಕುಗಳಲ್ಲಿ ಸೂಕ್ಷ್ಮ ಜಾಗದಲ್ಲಿ ಕೆಲಸ ಮಾಡುವವರನ್ನು ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ, ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಗೆ ಕಳಿಸಬೇಕು ಅಂತ ಆರ್‌ಬಿಐ ನಿಯಮ ಇದೆ. ಯಾಕೆ? ಅವನ ಕುರ್ಚಿಯಲ್ಲಿ ಬೇರೆಯವನು ಕೂತಾಗ ಮುಚ್ಚಿಟ್ಟಿದ್ದು ಹೊರಗೆ ಬರುತ್ತದೆ. ವರ್ಷಪೂರ್ತಿ ಒಂದು ದಿನವೂ ರಜೆ ಹಾಕದ, ಜ್ವರ ಬಂದರೂ ಗಲ್ಲಾ ಬಿಡದ ಗುಮಾಸ್ತನನ್ನು ನಮ್ಮವರು ಬಹಳ ನಿಷ್ಠಾವಂತ ಅಂತಾರೆ. ಇರಬಹುದು. ಆದರೂ ಅವನನ್ನು ರಜೆಗೆ ಕಳಿಸಿ, ಲೆಕ್ಕ ನೋಡಿ.

ಬನಹಟ್ಟಿ ನೇಕಾರ
ನಮ್ಮ ಕಡೆ ಇದಕ್ಕೆ ಹಳೇ ಪದ್ಧತಿ ಇದೆ. ನೂಲು ತೂಗಿ ಕೊಡುತ್ತಾರೆ, ಸೀರೆ ತೂಗಿ ತಗೊಳ್ಳುತ್ತಾರೆ. ವೇಸ್ಟ್ ಇಷ್ಟೇ ಅಂತ ಮೊದಲೇ ಮಾತಾಗಿರುತ್ತದೆ. ಯಾರ ಚೀಲವನ್ನೂ ಯಾರೂ ತಡಕುವುದಿಲ್ಲ, ತೂಕವೇ ಮಾತಾಡುತ್ತದೆ. ಹಿಂಗಾಗಿ ಜಗಳ ಕಡಿಮೆ.

ತಿಕೋಟಾ ದ್ರಾಕ್ಷಿ ತೋಟ
ಬನಹಟ್ಟಿ ಕಾಕಾ, ಒಣದ್ರಾಕ್ಷಿಯಲ್ಲಿ ಅದು ಅಷ್ಟು ಸುಲಭ ಇಲ್ಲ. ಶೆಡ್‌ನಲ್ಲಿ ಇರುವಾಗಲೇ ತೇವ ಹೋಗಿ ತೂಕ ಇಳಿಯುತ್ತದೆ. ಕೋಲ್ಡ್ ಸ್ಟೋರೇಜ್‌ಗೆ ಹಾಕುವ ಮೊದಲು ಪೆಟ್ಟಿಗೆ ಪೆಟ್ಟಿಗೆ ತೂಗಿ, ನಂಬರ್ ಬರೆದು, ಎರಡೂ ಕಡೆಯವರು ಸಹಿ ಮಾಡಿದರೆ ಮಾತ್ರ ಆಮೇಲೆ ಮಾತಾಡಬಹುದು. ಇಲ್ಲದಿದ್ದರೆ ತೇವ ಹೋಯಿತು ಅಂತ ಅವರು, ಮಾಲು ಹೋಯಿತು ಅಂತ ನಾವು.

ಅಂದಹಾಗೆ ಈ ಸಲ ಒಣದ್ರಾಕ್ಷಿ ರೇಟು ಯಾರಿಗಾದರೂ ಗೊತ್ತಾ?

ಟ್ಯಾಲಿ ಅಕ್ಕ
ತಿಕೋಟಾ ತಮ್ಮಾ, ರೇಟಿಗೆ ಬೇರೆ ಚರ್ಚೆ ಶುರು ಮಾಡಪ್ಪಾ. ಇಲ್ಲಿ ಆ ಹುಡುಗನ ಸಾಲದ ವಿಷಯ ಹಾಗೇ ಉಳಿದಿದೆ.

ಗಣಪತ್ ಗಲ್ಲಿ
ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ ಅಂತ ಸರ್ಕಾರವೇ ಹೇಳಿದೆ. ಪೇಪರ್‌ನಲ್ಲಿ ಬಂದಿತ್ತು. ನೀವು ಜೆರಾಕ್ಸ್ ಇಟ್ಟುಕೊಂಡಿದ್ದೇ ತಪ್ಪು.

ವಕೀಲರು, ವಿಜಯಪುರ
ಅದು ಅರ್ಧ ಸುದ್ದಿ. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯಿಂದ ಹಾಗೊಂದು ಪ್ರಕಟಣೆ ಬಂದಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಜನ ತಪ್ಪು ತಿಳಿಯಬಹುದು, ಎಂದಿನ ಎಚ್ಚರಿಕೆ ಇರಲಿ, ಸಾಕು ಅಂತ ಹೇಳಿತು. ಹಾಗಾಗಿ ಕೊಡುವುದು ಅಪರಾಧ ಅಲ್ಲ. ಆದರೆ ಮಾಸ್ಕ್ ಮಾಡಿದ ಆಧಾರ್ ಕೊಡಬಹುದು. ಅದರಲ್ಲಿ ಮೊದಲ 8 ಅಂಕಿ ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ಪ್ರಾಧಿಕಾರದ ವೆಬ್‌ಸೈಟ್‌ನಲ್ಲೇ ಇಳಿಸಿಕೊಳ್ಳಬಹುದು. ಜೆರಾಕ್ಸ್ ಕೊಡಲೇಬೇಕಾದರೆ ಅಡ್ಡಲಾಗಿ, ಯಾವ ಕೆಲಸಕ್ಕೆ, ಯಾರಿಗೆ, ಯಾವ ತಾರೀಕು ಅಂತ ಪೆನ್ನಿನಿಂದ ಬರೆದು ಕೊಡಿ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಬಾಗಲಕೋಟೆ
ನವನಗರದವರೇ, ಆ ಹುಡುಗನಿಗೆ ಇವತ್ತೇ ಈ ಕೆಲಸ ಮಾಡಿಸಿ.

ಮೊದಲು ಕ್ರೆಡಿಟ್ ವರದಿ, ಅಂದರೆ ಅವನ ಹೆಸರಿನ ಸಾಲಗಳ ದಾಖಲೆ, ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಸಂಸ್ಥೆಗಳಿವೆ. ವರ್ಷಕ್ಕೊಮ್ಮೆ ಪ್ರತಿಯೊಂದರಿಂದಲೂ ಪೂರ್ತಿ ವರದಿ ಪುಕ್ಕಟೆ ಸಿಗುತ್ತದೆ. ಎಲ್ಲರೂ ಸ್ಕೋರ್ ನೋಡಿ ಮುಚ್ಚಿಡುತ್ತಾರೆ. ನೀವು ವಿಳಾಸ ಮತ್ತು ಫೋನ್ ನಂಬರ್ ಇರುವ ಭಾಗ ನೋಡಿ. ಸಾಲ ತೆಗೆದವನು ಕೊಟ್ಟ ಮೊಬೈಲ್ ನಂಬರ್ ಅಲ್ಲಿ ಸಿಗುವ ಸಾಧ್ಯತೆ ಇದೆ.

ಆಮೇಲೆ ಸಾಲ ಕೊಟ್ಟ ಕಂಪನಿಗೆ ಬರೆದು, ರೊಕ್ಕ ಯಾವ ಖಾತೆಗೆ ಹೋಯಿತು ಅಂತ ಕೇಳಿ. 2022ರಿಂದ ಆ್ಯಪ್ ಸಾಲದ ರೊಕ್ಕ ಸಾಲಗಾರನ ಬ್ಯಾಂಕ್ ಖಾತೆಗೇ ನೇರವಾಗಿ ಹೋಗಬೇಕು ಅಂತ ಆರ್‌ಬಿಐ ನಿಯಮ ಇದೆ. ಹಾಗಾದರೆ ಅವನ ಹೆಸರಲ್ಲಿ ಅವನಿಗೇ ಗೊತ್ತಿಲ್ಲದ ಖಾತೆ ಇರಬಹುದು. ಅದನ್ನು ಹುಡುಕುವುದು ಸಾಲಕ್ಕಿಂತ ಮುಖ್ಯ. ಆ ಖಾತೆಯಲ್ಲಿ ಬೇರೆ ಮೋಸದ ರೊಕ್ಕ ಓಡಾಡಿದ್ದರೆ ಪೊಲೀಸರು ಇವನ ಮನೆಗೇ ಬರುತ್ತಾರೆ.

ಮೂರನೆಯದು ದೂರು. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹಾಕಿ, ಆ ದೂರಿನ ನಂಬರ್ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ಅದರ ಪ್ರತಿ ಇಟ್ಟು ಕ್ರೆಡಿಟ್ ಸಂಸ್ಥೆಗೆ ತಕರಾರು ಹಾಕಿ. 30 ದಿನದಲ್ಲಿ ಅವರು ಬಗೆಹರಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು.

ಖಾತೆಯಿಂದ ರೊಕ್ಕ ಹೋದವರಿಗೂ ಒಂದು ಮಾತು. ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಹೊರಗಿನವರದು ಅಂತಾದರೆ, 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ಆ ನಷ್ಟದ ಹೊಣೆ ಬರುವುದಿಲ್ಲ. ಇದು 2017ರ ಆರ್‌ಬಿಐ ಸುತ್ತೋಲೆ. ಸಂಕೋಚಪಟ್ಟು ವಾರ ಕಳೆದು ಬರುವವರನ್ನು ಕೌಂಟರ್‌ನಲ್ಲಿ ಬಹಳ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಬೀಳಗಿ ರೈತ
ಗೊಬ್ಬರದಂಗಡಿ ಮಾತು ಬಂತು ಅಂತ ಹೇಳುತ್ತೇನೆ. ನಾವು ಎರಡು ಚೀಲ ಯೂರಿಯಾ ತಗೊಂಡು ಹೆಬ್ಬೆಟ್ಟು ಒತ್ತಿ ಬರುತ್ತೇವೆ. ಯಂತ್ರದಲ್ಲಿ ಎಷ್ಟು ಚೀಲ ಹೊಡೆದರು ಅಂತ ಯಾರು ನೋಡುತ್ತಾರೆ? ನಮ್ಮ ಊರಿನ ಒಬ್ಬರ ಹೆಸರಲ್ಲಿ ಅವರು ಒಯ್ಯದ ಚೀಲಗಳೂ ಇದ್ದವು. ಅಂಗಡಿ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅದೂ ಗುರುತಿನ ಕಳ್ಳತನವೇ.

ಮುಧೋಳ ಅಗ್ರೋ
ಖಂಡಿತ ಅದೇ. ರಸೀದಿ ಕೇಳಿ ತಗೊಳ್ಳಿ, ಚೀಲ ಎಣಿಸಿ, ಆಮೇಲೆ ಅಂಗಡಿ ಬಿಡಿ. ಅಂಗಡಿಯವರಿಗೂ ಹೇಳುತ್ತೇನೆ. ಪಿಒಎಸ್ ಲಾಗಿನ್ ನಿಮ್ಮ ಹೆಸರಲ್ಲಿದೆ, ಲೈಸೆನ್ಸ್ ನಿಮ್ಮದು. ಹುಡುಗನ ಕೈಗೆ ಯಂತ್ರ ಕೊಟ್ಟು ಹೊರಗೆ ಹೋದರೆ ಉತ್ತರ ಹೇಳಬೇಕಾದವರು ನೀವೇ.

ಅಂಗನವಾಡಿ ಅಕ್ಕ, ಇಂಡಿ
ಆಧಾರ್‌ನಲ್ಲಿ ಬೆರಳಚ್ಚು ಲಾಕ್ ಮಾಡಬಹುದು ಅಂತಾರಲ್ಲ, ಮಾಡಿದರೆ ಅತ್ತೆಗೆ ರೇಷನ್ ಸಿಗುತ್ತದಾ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಬಾಗಲಕೋಟೆ
ಅಕ್ಕಾ, ಲಾಕ್ ಇದ್ದಾಗ ಬೆರಳು ಒತ್ತಿದರೆ ಒಪ್ಪುವುದಿಲ್ಲ. ರೇಷನ್ ಅಂಗಡಿಗೆ ಹೋದಾಗ ಎಂ-ಆಧಾರ್ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆಗೆಯಬಹುದು, 10 ನಿಮಿಷ ತೆರೆದಿರುತ್ತದೆ. ಅತ್ತೆಯವರಿಗೆ ಮೊಬೈಲ್ ಬಳಸೋಕೆ ಬರದಿದ್ದರೆ, ಮನೆಯಲ್ಲಿ ಮಾಡಿಕೊಡುವವರು ಇದ್ದರೆ ಮಾತ್ರ ಲಾಕ್ ಮಾಡಿ. ಹಳ್ಳಿಗಳಲ್ಲಿ ಹೆಬ್ಬೆಟ್ಟು ಒತ್ತಿಸಿ ರೊಕ್ಕ ಕೊಡುವವರ ಹತ್ತಿರ, ಸರ್ವರ್ ಇಲ್ಲ, ಇನ್ನೊಮ್ಮೆ ಒತ್ತಿ ಅಂದರೆ ಮೊದಲು ರಸೀದಿ ಕೇಳಿ. ಮೊದಲ ಸಲವೇ ರೊಕ್ಕ ಹೋಗಿರಬಹುದು.

ಶಹಾಪುರ ಮಿಠಾಯಿ ಅಂಗಡಿ
ನಮ್ಮ ಬೆಳಗಾವಿಯಲ್ಲಿ ಈಗ ಹೊಸದೊಂದು ಶುರುವಾಗಿದೆ. ಕೌಂಟರ್ ಮೇಲಿನ ಕ್ಯೂಆರ್ ಸ್ಟಿಕ್ಕರ್ ಮೇಲೆ ಇನ್ನೊಂದು ಅಂಟಿಸುವುದು. ಹಬ್ಬದ ಗದ್ದಲದಲ್ಲಿ ಕುಂದಾ ಕಟ್ಟಿಕೊಡುವುದೇ ಸಾಕಾಗಿರುತ್ತದೆ, ಯಾರ ಖಾತೆಗೆ ಹೋಯಿತು ಅಂತ ನೋಡುವವರು ಯಾರು? ಸೌಂಡ್ ಬಾಕ್ಸ್ ಕೂಗದಿದ್ದರೆ ನೆಟ್‌ವರ್ಕ್ ಇಲ್ಲ ಅಂದುಕೊಳ್ಳುತ್ತೇವೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಮ್ಮದೇ ಮೊಬೈಲ್‌ನಿಂದ 1 ರೂಪಾಯಿ ಹಾಕಿ ನೋಡಿ. ಅಂಗಡಿಯ ಹೆಸರು ಬರಬೇಕು, ಬಾಕ್ಸ್ ಕೂಗಬೇಕು.

ಖಡೇಬಜಾರ್ ಬಟ್ಟೆ ವ್ಯಾಪಾರಿ
ಇದು ಒಳ್ಳೆಯದು. ನಾಳೆಯಿಂದಲೇ ಮಾಡುತ್ತೇನೆ. ಪಗಾರದ ವಿಷಯದಲ್ಲಿ ವಕೀಲರ ಮಾತು ಒಪ್ಪಿದೆ. ಕ್ಯಾಮೆರಾ ಬೇಡ ಅನ್ನುವುದನ್ನು ಮಾತ್ರ ಒಪ್ಪಲಾರೆ.

ಕಂಪ್ಯೂಟರ್ ರಿಪೇರಿ, ಜಲನಗರ
ಕ್ಯಾಮೆರಾ ಹಾಕಿ, ಆದರೆ ಅದರ ಪಾಸ್‌ವರ್ಡ್ ಬದಲಿಸಿ ಅಣ್ಣ. ನಾನು ಹೋಗುವ ಅಂಗಡಿಗಳಲ್ಲಿ ಹಾಕಿಹೋದವರು ಇಟ್ಟ ಪಾಸ್‌ವರ್ಡ್ ವರ್ಷಗಟ್ಟಲೆ ಹಾಗೇ ಇರುತ್ತದೆ. ಕೆಲಸ ಬಿಟ್ಟವನ ಮೊಬೈಲ್‌ನಲ್ಲಿ ನಿಮ್ಮ ಗಲ್ಲಾ ಇನ್ನೂ ಕಾಣುತ್ತಿರುತ್ತದೆ.

ಯಾರಾದರೂ ಕೆಲಸ ಬಿಟ್ಟ ದಿನವೇ ಅಂಗಡಿಯ ವಾಟ್ಸ್‌ಆ್ಯಪ್ ಗುಂಪು, ಇಮೇಲ್, ಬಿಲ್ಲಿಂಗ್, ಕ್ಯಾಮೆರಾ, ಜಿಎಸ್‌ಟಿ ಲಾಗಿನ್ ಎಲ್ಲದರಿಂದ ತೆಗೆಯಿರಿ. ಜಿಎಸ್‌ಟಿ ಒಟಿಪಿ ಹಳೇ ಗುಮಾಸ್ತನ ನಂಬರಿಗೆ ಹೋಗುವ ಅಂಗಡಿಗಳು ಎಷ್ಟೋ ಇವೆ.

ಟ್ಯಾಲಿ ಅಕ್ಕ
ಜಿಎಸ್‌ಟಿ ಅಂದಾಗ ನೆನಪಾಯಿತು. ಮಚ್ಛೆಯ ತಮ್ಮಾ, ನಿನ್ನಂಥವರು ಇದನ್ನು ನೋಡಿಕೊಳ್ಳಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕಿದರೆ ಆ ಪ್ಯಾನ್ ಮೇಲೆ ಯಾವ ನೋಂದಣಿ ಇದೆ ಅಂತ ತೋರಿಸುತ್ತದೆ. ಲಾಗಿನ್ ಬೇಕಿಲ್ಲ. ಕೂಲಿಯವರ ಪ್ಯಾನ್ ಮೇಲೆ ಬೋಗಸ್ ಫರ್ಮ್ ಮಾಡಿ ಕೋಟಿಗಟ್ಟಲೆ ಬಿಲ್ ಹರಿಸುವವರಿದ್ದಾರೆ, ನೋಟಿಸ್ ಬರುವುದು ಕೂಲಿಯವನಿಗೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ ಅಂತ ನಿನ್ನ ಪ್ಯಾನ್ ಮೇಲಿನ ವ್ಯವಹಾರಗಳ ಪಟ್ಟಿ ಇರುತ್ತದೆ, ಅದನ್ನೂ ತೆಗೆದು ನೋಡು. ನೀನು ಮಾಡದ ವ್ಯವಹಾರ ಇದ್ದರೆ ಅಲ್ಲಿ ಸಿಗಬಹುದು.

ಮಚ್ಛೆ ಪಾಳಿ ಕೆಲಸಗಾರ
ನೋಡಿದೆ ಅಕ್ಕಾ. ನನ್ನ ಪ್ಯಾನ್ ಮೇಲೆ ಏನೂ ಇಲ್ಲ. ರೂಮಿನ ಗೆಳೆಯರ ಹತ್ತಿರವೂ ನೋಡಿಸುತ್ತೇನೆ. ಹಳೇ ಎಟಿಎಂ ಕಾರ್ಡ್ ಬಂದ್ ಮಾಡಿಸಿದೆ.

ನವನಗರ ಗೊಬ್ಬರದಂಗಡಿ
ಎಲ್ಲರಿಗೂ ಕೈಮುಗಿಯುತ್ತೇನೆ. ಸುದ್ದಿ ಹೇಳಬೇಕು.

ಉದ್ರಿ ಚೀಟಿಗಳನ್ನೆಲ್ಲ ಕೂಡಿಸಿದೆವು. ಕಡಿಮೆ ಬಂದ ಬಾಟಲಿಗಳಲ್ಲಿ ಜಾಸ್ತಿ ಪಾಲು ಅಲ್ಲೇ ಸಿಕ್ಕಿದವು, ಬಿಲ್ ಆಗಿರಲಿಲ್ಲ. ಕೆಲವು ಕಂಪನಿಗೆ ವಾಪಸ್ ಹೋದ ಪೆಟ್ಟಿಗೆಯಲ್ಲಿದ್ದವು. ಆದರೂ ಒಂದೇ ಜಾತಿಯ ಸ್ವಲ್ಪ ಬಾಟಲಿಗಳಿಗೆ ಲೆಕ್ಕ ಸಿಗುತ್ತಿಲ್ಲ. ಅದನ್ನು ಬಿಡುವುದಿಲ್ಲ. ದುಬಾರಿ ಮಾಲನ್ನು ಬೇರೆ ಕಪಾಟಿಗೆ ಹಾಕಿ ಕೀಲಿ ಇಟ್ಟಿದ್ದೇವೆ. ಬಿಲ್ ಮಾಡುವವರು ಬೇರೆ, ತೆಗೆದುಕೊಡುವವರು ಬೇರೆ. ವಾರಕ್ಕೊಮ್ಮೆ ಇಬ್ಬರು ಎಣಿಸುತ್ತಾರೆ, ಯಾವ ಇಬ್ಬರು ಅಂತ ಆ ದಿನವೇ ಹೇಳುತ್ತೇನೆ. ಎಲ್ಲರನ್ನೂ ಕೂರಿಸಿ ಯಾಕೆ ಅಂತ ಹೇಳಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಗೋದಾಮಿನ ಹಿರಿಯರು ನನಗೆ, ಸಾಹುಕಾರ್ರೇ ಇದನ್ನು ಮೊದಲೇ ಮಾಡಬೇಕಿತ್ತು, ನಮ್ಮ ಮೇಲೆ ಹೆಸರು ಬರುವುದು ತಪ್ಪುತ್ತಿತ್ತು ಎಂದರು.

ಹುಡುಗನ ವರದಿಯಲ್ಲಿ ಅವನದಲ್ಲದ ಮೊಬೈಲ್ ನಂಬರ್ ಇತ್ತು. ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಅವನ ಹೆಸರಿನ ಸಿಮ್‌ಗಳನ್ನು ನೋಡಿದರೆ ಅದೇ ನಂಬರ್ ಅಲ್ಲೂ ಇದೆ. ರಸ್ತೆ ಬದಿ ಕೊಡೆ ಹಾಕಿ ಕೂತವರ ಹತ್ತಿರ ಅವನು ಸಿಮ್ ತಗೊಂಡಾಗ, ಬೆರಳು ಸರಿ ಬರಲಿಲ್ಲ, ಇನ್ನೊಮ್ಮೆ ಇಡು ಅಂದಿದ್ದರಂತೆ. ಎರಡನೇ ಸಿಮ್ ಆಗ ಆಗಿರಬೇಕು. ನಂದಲ್ಲ ಅಂತ ಅಲ್ಲೇ ಒತ್ತಿದ್ದಾನೆ. ಸಿಇಎನ್ ಠಾಣೆಗೆ ನಾನೂ ಜೊತೆಗೆ ಹೋಗಿದ್ದೆ, ದೂರು ತಗೊಂಡಿದ್ದಾರೆ.

ಉದ್ಯಮಬಾಗ ಫೌಂಡ್ರಿ
ಜೊತೆಗೆ ಹೋಗಿದ್ದು ಬಹಳ ಒಳ್ಳೆಯದಾಯಿತು. ಒಬ್ಬ ಹುಡುಗ ಒಂಟಿಯಾಗಿ ಠಾಣೆಗೆ ಹೋಗುವುದು ಸುಲಭ ಅಲ್ಲ.

ಮಚ್ಛೆ ಪಾಳಿ ಕೆಲಸಗಾರ
ನಿಮ್ಮಂಥ ಮಾಲಕರು ಸಿಗಲಿ ಎಲ್ಲರಿಗೂ. ಅಂದಹಾಗೆ ಒಬ್ಬರ ಹೆಸರಲ್ಲಿ ಎಷ್ಟು ಸಿಮ್ ಇರಬಹುದು?

ಕಂಪ್ಯೂಟರ್ ರಿಪೇರಿ, ಜಲನಗರ
ನಮ್ಮ ರಾಜ್ಯದಲ್ಲಿ 9ರವರೆಗೆ. ಅದಕ್ಕೇ ಒಂದೆರಡು ಜಾಸ್ತಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಮನೆಯವರೆಲ್ಲರದೂ ನೋಡಿ.

ನವನಗರ ಗೊಬ್ಬರದಂಗಡಿ
ಕೊನೆಯದಾಗಿ ಒಂದು. ಕೆಲಸ ಬಿಟ್ಟು ಹೋದವರ ಹಳೇ ಫೈಲು ಒಂದು ಪೆಟ್ಟಿಗೆ ತುಂಬ ಇವೆ. ರದ್ದಿಗೆ ಹಾಕಲಾ?

ಟ್ಯಾಲಿ ಅಕ್ಕ
ರದ್ದಿಗೆ ಹಾಕಬೇಡಿ ಅಣ್ಣಾ! ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ಆಧಾರ್, ಫೋಟೊ, ಸಹಿ ಎಲ್ಲ ಇದ್ದಿದ್ದನ್ನು ನೋಡಿದ್ದೇನೆ. ಹಾಜರಿ, ಪಗಾರ, ಪಿಎಫ್, ಇಎಸ್‌ಐ ಪುಸ್ತಕಗಳನ್ನು ಬೇರೆ ತೆಗೆದಿಡಿ, ತಪಾಸಣೆಗೆ ಬೇಕಾಗುತ್ತವೆ. ಆಧಾರ್, ಪ್ಯಾನ್, ಪಾಸ್‌ಬುಕ್ ಜೆರಾಕ್ಸ್‌ಗಳನ್ನು ಹರಿದು, ನೆನೆಸಿ, ಹಾಳು ಮಾಡಿ. ಒರಿಜಿನಲ್ ಏನಾದರೂ ಸಿಕ್ಕರೆ ಅವರಿಗೆ ಫೋನ್ ಮಾಡಿ ಕರೆದು ಕೊಡಿ, ಕೊಟ್ಟಿದ್ದಕ್ಕೆ ಸಹಿ ತಗೊಳ್ಳಿ. ಪಿಎಫ್ ಕಾಗದ ಯಾವುದು ಅಂತ ಗೊತ್ತಾಗದಿದ್ದರೆ ಇಲ್ಲೇ ಕೇಳಿ.